ಕೈದಾಳದ ಕಲ್ಲಿನಲ್ಲಿ ನಾಲ್ಕನೆಯ ಹೆಸರು



ತುಮಕೂರಿನಲ್ಲಿ ಅಶೋಕ ರಸ್ತೆ ಅಂತ ಒಂದಿದೆ. ಬಸ್‌ಸ್ಟ್ಯಾಂಡಿನ ಕಡೆ ಓಡಾಡಿದವರಿಗೆಲ್ಲ ಅದು ಗೊತ್ತು. ಸದಾ ಗಿಜಿಗುಡುವ ರಸ್ತೆ. ಅಶೋಕ ಚಕ್ರವರ್ತಿಯ ಹೆಸರೇನೋ ಊರಿನ ನಾಲಿಗೆಯ ಮೇಲಿದೆ. ಆ ಚಕ್ರವರ್ತಿ ನಂಬಿದ ಬುದ್ಧನಿಗೆ ಈ ಊರಿನಲ್ಲಿ ಹಳೆಯ ಗುಡಿಯೊಂದು ಇದೆಯೇ? ಈ ಒಂದೇ ಪ್ರಶ್ನೆ ಹಿಡಿದುಕೊಂಡು ಒಬ್ಬ ಪ್ರವಾಸಿ ಮಧ್ಯಾಹ್ನದ ಊಟ ಮುಗಿಸಿ ಹೊರಟ ಎಂದು ಇಟ್ಟುಕೊಳ್ಳಿ. ಅವನ ಕೈಯಲ್ಲಿರುವುದು ಅರ್ಧ ದಿನ. ದೀಪ ಹಚ್ಚುವ ಹೊತ್ತಿಗೆ ತಿರುಗಾಟ ಮುಗಿಯಬೇಕು. ಇವತ್ತಿನ ಮಾತು ಆ ಅರ್ಧ ದಿನದ್ದು.

ಆಟೋದವರನ್ನು ಕೇಳಿದರೆ ಬರುವ ಉತ್ತರವನ್ನು ನೀವೂ ಊಹಿಸಬಲ್ಲಿರಿ. “ಬುದ್ಧನ ಗುಡೀನಾ ಸಾರ್? ಹಳೇದು ಅಂಥದ್ದು ಯಾವ್ದೂ ಇಲ್ವಲ್ಲ. ಸಿದ್ಧಗಂಗೆ ಐತೆ, ಬಸದಿ ಬೆಟ್ಟ ಐತೆ, ದೇವರಾಯನದುರ್ಗ ಐತೆ. ಎಲ್ಲಿಗೆ ಬಿಡ್ಲಿ ಹೇಳಿ?” ಈ ಉತ್ತರದಲ್ಲಿ ತಪ್ಪಿಲ್ಲ. ಆದರೆ ಇಷ್ಟೇ ಅಲ್ಲ. ಉಳಿದ ಉತ್ತರ ಕುಣಿಗಲ್ ರಸ್ತೆಯಲ್ಲಿದೆ.

ಆ ರಸ್ತೆಯಲ್ಲಿ ಮೊದಲು ಸಿಗುವುದು ಗೂಳೂರು. ಗೂಳೂರಿನ ಗಣೇಶನನ್ನು ತುಮಕೂರು ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಬೇರೆ ಊರಿನಲ್ಲಿ ಚೌತಿಯ ಗಣಪತಿ ನೀರಿಗೆ ಹೋಗುವ ಕಾಲಕ್ಕೆ ಇಲ್ಲಿ ಜೇಡಿಮಣ್ಣಿನ ಬೃಹತ್ ಗಣಪ ಇನ್ನೂ ರೂಪ ತಳೆಯುತ್ತಿರುತ್ತಾನೆ. ಅವನಿಗೆ ಪೂಜೆ ಶುರುವಾಗುವುದು ದೀಪಾವಳಿಗೆ. ಒಂದು ತಿಂಗಳು ಪೂಜೆ ಕೊಂಡು ಆಮೇಲೆ ಕೆರೆಗೆ. ಆತುರ ಎಂಬುದು ಗೂಳೂರಿನ ದೇವರಿಗೆ ಇಲ್ಲ! ಆ ಗೂಳೂರಿನ ಪಕ್ಕದಲ್ಲೇ ಕೈದಾಳ. ತುಮಕೂರಿನಿಂದ ಹತ್ತು ಕಿಲೋಮೀಟರಿನ ಒಳಗೆ.

ಕೈದಾಳದ ಕಥೆ ಕನ್ನಡದ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ. ಶಿಲ್ಪಿ ಜಕಣಾಚಾರಿ ಇಲ್ಲಿ ಹುಟ್ಟಿದ. ಮನೆ ಬಿಟ್ಟು ಹೋಗಿ ಬೇಲೂರಿನಲ್ಲಿ ಹೆಸರು ಮಾಡಿದ. ಅವನು ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದ. ಪರೀಕ್ಷೆ ಮಾಡಿದರೆ ಕಲ್ಲಿನೊಳಗೆ ಕಪ್ಪೆ. ದೋಷ ಕಂಡರೆ ಕೈ ಕತ್ತರಿಸಿಕೊಳ್ಳುವೆ ಎಂದಿದ್ದ ಜಕಣಾಚಾರಿ ಮಾತಿಗೆ ತಪ್ಪದೆ ಹಾಗೇ ಮಾಡಿದ. ಆ ಹುಡುಗ ಡಂಕಣ ಅವನ ಮಗನೇ ಎಂದು ಆಮೇಲೆ ತಿಳಿಯಿತು. ಹುಟ್ಟೂರಿಗೆ ಬಂದು ಚೆನ್ನಕೇಶವನನ್ನು ನಿಲ್ಲಿಸಿದ ಮೇಲೆ ಕೈ ಮರಳಿ ಬಂತು. ಊರಿನ ಹೆಸರನ್ನೂ ಜನ ಅದಕ್ಕೇ ತಳಕು ಹಾಕುತ್ತಾರೆ.

ಕಥೆ ಸೊಗಸಾಗಿದೆ. ಇತಿಹಾಸ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಜಕಣಾಚಾರಿಯ ಹೆಸರಿಲ್ಲ. ಹಾಗಿದ್ದೂ ಪ್ರತಿ ವರ್ಷ ಜನವರಿ 1ರಂದು ಸರ್ಕಾರ ಅಮರಶಿಲ್ಪಿ ಜಕಣಾಚಾರಿ ಸಂಸ್ಮರಣಾ ದಿನ ನಡೆಸುತ್ತದೆ. ದಾಸೋಜನಿಗೆ ಅಂಥ ದಿನವಿಲ್ಲ. ಕಲ್ಲಿನಲ್ಲಿ ಹೆಸರು ಬರೆಸಿಕೊಂಡವನಿಗಿಂತ ಜನರ ಬಾಯಲ್ಲಿ ಉಳಿದವನಿಗೆ ಮನ್ನಣೆ ಹೆಚ್ಚು.

ಗುಡಿಯನ್ನು ನೀವು ಕಣ್ಣಮುಂದೆ ತಂದುಕೊಳ್ಳಬೇಕು. ಬೇಲೂರು ಹಳೇಬೀಡಿನ ಹಾಗೆ ಗೋಡೆಯ ತುಂಬ ಕುಸುರಿ ಇಲ್ಲಿಲ್ಲ. ಮುಂದೆ ಎತ್ತರದ ಮಹಾದ್ವಾರ. ಒಳಗೆ ಚೆನ್ನಕೇಶವ ನಿಂತಿದ್ದಾನೆ. ಪೀಠ ಸೇರಿ ಸುಮಾರು 8 ಅಡಿ. ಶಂಖ, ಚಕ್ರ, ಗದೆ, ಪದ್ಮ, ತಲೆಯ ಹಿಂದೆ ಪ್ರಭಾವಳಿ. ಕಲ್ಲು ನುಣುಪಾಗಿ ಹೊಳೆಯುತ್ತದೆ. ಮಹಾದ್ವಾರದಲ್ಲಿ ಕೈಮುಗಿದು ನಿಂತ ಪುಟ್ಟ ಪ್ರತಿಮೆಯೊಂದಿದೆ. ಇವನೇ ಜಕಣಾಚಾರಿ ಎಂದು ಊರವರು ತೋರಿಸುತ್ತಾರೆ. ಆದರೆ ಅವನ ಸೊಂಟದಲ್ಲಿರುವುದು ಕಠಾರಿ. ಶಿಲ್ಪಿಯ ಸೊಂಟದಲ್ಲಿ ಉಳಿ ಇರಬೇಕಿತ್ತು. ಹಾಗಾಗಿ ಇವನು ಊರಿನ ನಾಯಕನಿರಬೇಕು ಎಂದು ವಿದ್ವಾಂಸರ ಗುಮಾನಿ.

ಆ ನಾಯಕ ಯಾರು? ಇಲ್ಲಿಂದ ನಮ್ಮ ಪ್ರವಾಸಿಯ ಹುಡುಕಾಟ ಶುರು.

ಅವನ ಹೆಸರು ಬಾಚಿ. ಸುಮಾರು 1150ರಲ್ಲಿ, ಹೊಯ್ಸಳ ದೊರೆ ಒಂದನೆಯ ನರಸಿಂಹನ ಕಾಲದಲ್ಲಿ, ಈ ಸೀಮೆಯನ್ನು ಆಳುತ್ತಿದ್ದ ಸಾಮಂತ. ಕೈದಾಳ ಅವನ ರಾಜಧಾನಿ. ಇಲ್ಲಿ ಅವನು ಶಿವನಿಗೆ ಗುಡಿ ಕಟ್ಟಿಸಿದ, ವಿಷ್ಣುವಿಗೆ ಕಟ್ಟಿಸಿದ, ಜಿನನಿಗೂ ಬಸದಿ ಕಟ್ಟಿಸಿದ. ಕೈದಾಳದ ಶಾಸನ ಅವನನ್ನು ನಾಲ್ಕು ಸಮಯಗಳನ್ನು ಎತ್ತಿ ಹಿಡಿದವನು ಎಂದು ಹೊಗಳುತ್ತದೆ. ಸಮಯ ಎಂದರೆ ಇಲ್ಲಿ ಮತಪಂಥ. ಆ ನಾಲ್ಕು ಯಾವುವು? ಮಾಹೇಶ್ವರ, ಬೌದ್ಧ, ವೈಷ್ಣವ, ಅರ್ಹತ. ಅಂದರೆ ಶೈವರು, ಬೌದ್ಧರು, ವೈಷ್ಣವರು, ಜೈನರು.

ಆಟೋದವರ ಉತ್ತರದಲ್ಲಿ ಬಿಟ್ಟುಹೋಗಿದ್ದ ಹೆಸರು ಇದೇ. ಸುಮಾರು 870 ವರ್ಷಗಳ ಹಿಂದೆ ತುಮಕೂರಿನ ಪಕ್ಕದಲ್ಲಿ ಬೌದ್ಧ ಎಂಬ ಹೆಸರು ಕಲ್ಲಿಗೆ ಏರಿತ್ತು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಶಾಸನದ ಕವಿಗಳು ಹೊಗಳಿಕೆಯಲ್ಲಿ ಜಿಪುಣರಲ್ಲ. ನಾಲ್ಕು ಸಮಯ ಎಂಬುದು ವಾಡಿಕೆಯ ಮಾತೂ ಆಗಿರಬಹುದು. ಕೈದಾಳದಲ್ಲಿ ಬೌದ್ಧ ವಿಹಾರವಿತ್ತು ಎಂದು ಇದರಿಂದ ಸಾಧಿಸಲು ಬಾರದು. ಆದರೆ ಅದು ಬರೀ ಪದವಾಗಿತ್ತೆ? ಆ ಕಾಲದ ಕನ್ನಡ ನಾಡಿನಲ್ಲಿ ಒಮ್ಮೆ ಸುತ್ತಿ ಬನ್ನಿ. 968ರಲ್ಲಿ ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ ಲೋಕೇಶ್ವರನ ಕಂಚಿನ ವಿಗ್ರಹವನ್ನು ಪ್ರತಿಷ್ಠೆ ಮಾಡಿಸಿದ್ದ. ಲೋಕೇಶ್ವರ ಬೌದ್ಧರ ಬೋಧಿಸತ್ವ. 1065ರ ಸುಮಾರಿಗೆ ಬಳ್ಳಿಗಾವೆಯಲ್ಲಿ ಜಯಂತಿ ಬೌದ್ಧ ವಿಹಾರ ಎದ್ದಿತು. 1095ರಲ್ಲಿ ಗದಗ ಸೀಮೆಯ ಡಂಬಳದಲ್ಲಿ 16 ಮಂದಿ ಸೆಟ್ಟಿಗಳು ಸೇರಿ ಬೌದ್ಧರ ತಾರಾದೇವಿಗೆ ಗುಡಿ ಕಟ್ಟಿಸಿದರು. ಡಂಬಳಕ್ಕೂ ಕೈದಾಳಕ್ಕೂ ನಡುವೆ ಎರಡು ತಲೆಮಾರಿನ ಅಂತರ, ಅಷ್ಟೆ. ಬಾಚಿಯ ಶಾಸನ ಬರೆದವನಿಗೆ ಬೌದ್ಧರು ಪುರಾಣದ ಜನವಾಗಿರಲಿಲ್ಲ.

ಈ ಶಾಸನವನ್ನು ನಮಗೆ ದೊರಕಿಸಿದವರ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆಂಜಮಿನ್ ಲೂಯಿ ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆ ಜಿಲ್ಲೆಯಾಗಿ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದರು. ತುಮಕೂರು ಜಿಲ್ಲೆಗೆ ಸಿಕ್ಕಿದ್ದು 12ನೆಯ ಸಂಪುಟ, ಬಂದದ್ದು 1904ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮೊದಲು, 1892ರಲ್ಲಿ, ಇದೇ ರೈಸ್ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ್ದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಆ ಮೂರು ಜಾಗಗಳು. ಅವುಗಳನ್ನು ಬರೆದ ಲಿಪಿಕಾರ ಚಪಡ ಸಹಿಯಲ್ಲಿ ಒಂದು ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟು ದೂರದ ಬರವಣಿಗೆ ಕಲಿತವನು ನಮ್ಮ ಬಯಲುಸೀಮೆಯ ಬಂಡೆಯ ಮೇಲೆ ಕೂತು ಬರೆದು ಹೋದ. ಅಶೋಕ ರಸ್ತೆಯ ಅಶೋಕ ತುಮಕೂರಿಗೆ ತೀರ ಪರಕೀಯನೇನಲ್ಲ.

ಕೇಳುಗರೇ, ಇಲ್ಲಿಯವರೆಗೆ ಬಂದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಕೈದಾಳದ ಕಲ್ಲಿನಲ್ಲಿ ನಾಲ್ಕು ಹೆಸರು. ಶೈವ, ವೈಷ್ಣವ, ಜೈನ ಈ ಮೂರಕ್ಕೆ ತುಮಕೂರಿನ ಸುತ್ತ ಇವತ್ತಿಗೂ ಗೋಡೆಯಿದೆ, ಗಂಟೆಯಿದೆ, ಪೂಜೆಯಿದೆ. ನಾಲ್ಕನೆಯದಕ್ಕೆ ಉಳಿದಿರುವುದು ಹೆಸರು ಮಾತ್ರ. ಯಾಕೆ ಹೀಗಾಯಿತು?

ಡಂಬಳದ 16 ಸೆಟ್ಟಿಗಳು ಇಲ್ಲಿ ಸಹಾಯಕ್ಕೆ ಬರುತ್ತಾರೆ. ಬೌದ್ಧ ವಿಹಾರಗಳು ಬಹುಮಟ್ಟಿಗೆ ದಾರಿಯ ಬದಿಯ ಸಂಸ್ಥೆಗಳು. ಭಿಕ್ಷುಗಳಿಗೆ ಉಳಿಯಲು ಜಾಗ, ಊಟಕ್ಕೆ ದಾನ ಬೇಕು. ಅದನ್ನು ಕೊಟ್ಟವರಲ್ಲಿ ಸರಕು ಹೊತ್ತು ಊರೂರು ಸುತ್ತುವ ವರ್ತಕರು ಮುಖ್ಯರು. ಅವರ ಒಲವು ಬೇರೆ ಕಡೆ ತಿರುಗಿದರೆ ವಿಹಾರದ ಒಲೆ ಆರಿತು. ಇದೊಂದೇ ಕಾರಣ ಎಂದಲ್ಲ. ರಾಜರ ಒಲವು, ಹೊಸ ಭಕ್ತಿ ಪಂಥಗಳು, ಬೌದ್ಧ ದೇವತೆಗಳು ಪಕ್ಕದ ಗುಡಿಗಳಲ್ಲಿ ಬೆರೆತುಹೋದದ್ದು, ಎಲ್ಲವೂ ಸೇರಿವೆ. ಕದ್ರಿಯ ಲೋಕೇಶ್ವರ ಇರುವುದು ಮಂಜುನಾಥನ ದೇವಸ್ಥಾನದಲ್ಲಿ.

ವರ್ತಕರ ಮಾತು ಬಂದ ಮೇಲೆ ಗುಬ್ಬಿಯನ್ನು ಬಿಡಲಾಗದು. ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್. ಅರಸೀಕೆರೆಯ ರೈಲು ಅಲ್ಲಿ ನಿಲ್ಲುತ್ತದೆ. ಅಡಿಕೆ, ಕೊಬ್ಬರಿ, ಬಟ್ಟೆ ವ್ಯಾಪಾರಕ್ಕೆ ಹೆಸರಾದ ಸಂತೆಯ ಊರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ವ್ಯಾಪಾರವನ್ನು ಗಮನವಿಟ್ಟು ಬರೆದುಕೊಂಡಿದ್ದ. ಇಲ್ಲಿಯ ವರ್ತಕರ ದುಡ್ಡು ಎಲ್ಲಿಗೆ ಹೋಯಿತು? ಗುಬ್ಬಿಯ ತೋಟದಪ್ಪನವರನ್ನೇ ನೋಡಿ. 1838ರಲ್ಲಿ ಹುಟ್ಟಿದ ವ್ಯಾಪಾರಿ. ಬೆಂಗಳೂರು ರೈಲ್ವೆ ನಿಲ್ದಾಣದ ಎದುರಿಗೆ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದರು. ಓದುವ ಹುಡುಗರಿಗೆ ಉಳಿಯಲು ಜಾಗ ಕೊಟ್ಟರು. ರೈಲಿಳಿದು ಲಾಡ್ಜಿಗೆ ಕಾಸಿಲ್ಲದೆ ನಿಂತ ಎಷ್ಟೋ ಜನಕ್ಕೆ ಗುಬ್ಬಿ ಎಂದರೆ ಮೊದಲು ಆ ಛತ್ರ.

     

ಕುಣಿಗಲ್ಲಿನ ಬಗ್ಗೆ ಇವತ್ತು ಹೆಚ್ಚು ಹೇಳಲು ಹೊತ್ತಿಲ್ಲ. ಜನಪದ ಹಾಡಿನಲ್ಲಿ ಹೆಸರಾದ ಕೆರೆ ಅಲ್ಲಿದೆ. ಟಿಪ್ಪುವಿನ ಕಾಲದಿಂದ ಬಂದ ಕುದುರೆ ಫಾರಂ ಇದೆ. ತಾಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆ. ನಮ್ಮ ಹುಡುಕಾಟಕ್ಕೆ ಬೇಕಾದ ಒಂದು ಸಂಗತಿ ಮಾತ್ರ ಕುಣಿಗಲ್ಲಿನ ರೈಲ್ವೆ ನಿಲ್ದಾಣದಲ್ಲಿದೆ. ಬೆಂಗಳೂರಿನಿಂದ ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹಳಿ 2017ರಲ್ಲಿ ತೆರೆಯಿತು. ಆ ದಾರಿಯಲ್ಲಿ ಜೈನರ ಶ್ರವಣಬೆಳಗೊಳ ಇದೆ. ಬುದ್ಧನ ಕಾಲದಲ್ಲೇ ಬದುಕಿದ್ದ ಮಹಾವೀರನ ದಾರಿ ಕನ್ನಡ ನಾಡಿನಲ್ಲಿ ಬತ್ತಲಿಲ್ಲ. ಎರಡೂ ಮನೆ ಬಿಟ್ಟು ನಡೆದವರ ದಾರಿಗಳು. ಒಂದು ಉಳಿಯಿತು, ಒಂದು ಅಳಿಯಿತು. ಜೈನರಲ್ಲಿ ಸನ್ಯಾಸಿಗಳ ಜೊತೆಗೆ ಸಂಸಾರಸ್ಥ ಶ್ರಾವಕರ ಗಟ್ಟಿಯಾದ ಸಮುದಾಯವಿತ್ತು. ಮುನಿಗಳು ಬಾರದ ವರ್ಷವೂ ಬಸದಿಗೆ ದೀಪ ಇಡುವ ಮನೆಗಳಿದ್ದವು. ಬೌದ್ಧರಿಗೆ ಇಲ್ಲಿ ಅಂಥ ಮನೆಗಳ ಬೆಂಬಲ ಕಡಿಮೆಯಾಗಿತ್ತು ಎಂಬ ವಾದ ಒಪ್ಪಬಹುದಾದದ್ದು.

ಅಂದರೆ ಇಲ್ಲಿಗೆ ಎರಡು ಮಾತು ಆಯಿತು. ಕಲ್ಲಿನಲ್ಲಿ ಹೆಸರಿದೆ, ಅದು ಒಂದು. ಗುಡಿ ಉಳಿಯಬೇಕಾದರೆ ನೋಡಿಕೊಳ್ಳುವ ಜನ ಬೇಕು, ಅದು ಎರಡು. ಎರಡನೆಯದನ್ನು ಕಣ್ಣಾರೆ ಕಾಣಲು ಪ್ರವಾಸಿ ಈಗ ತುಮಕೂರಿಗೆ ಹಿಂತಿರುಗಿ, ಊರು ದಾಟಿ, ಬೆಂಗಳೂರು ದಿಕ್ಕಿನ ಹೆದ್ದಾರಿ ಹಿಡಿಯುತ್ತಾನೆ. ದಾರಿಯಲ್ಲಿ ಕ್ಯಾತ್ಸಂದ್ರ. ಕ್ಯಾತ್ಸಂದ್ರ ಎಂದರೆ ತಟ್ಟೆ ಇಡ್ಲಿ. ಅಗಲವಾದ ತಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸಿದ ಚಪ್ಪಟೆ ಇಡ್ಲಿ, ಮೇಲೆ ಬೆಣ್ಣೆ. ಬೆಟ್ಟ ಹತ್ತುವವರಿಗೆ ಒಂದು ಸಾಕು, ಎರಡು ತಿಂದರೆ ಮೆಟ್ಟಿಲು ಹೆಚ್ಚಾದಂತೆ ಕಾಣುತ್ತವೆ.

ಪಂಡಿತನಹಳ್ಳಿಯ ಬಳಿಯ ಆ ಬೆಟ್ಟವೇ ಮಂದಾರಗಿರಿ. ಜನರ ಬಾಯಲ್ಲಿ ಬಸದಿ ಬೆಟ್ಟ. ಬುಡದಲ್ಲಿ ಕಾಣುವ ಕಟ್ಟಡ ನೋಡಿ ಹೊಸಬರು ತಬ್ಬಿಬ್ಬಾಗುತ್ತಾರೆ. ಗೋಪುರವಲ್ಲ, ಗುಮ್ಮಟವಲ್ಲ. ನವಿಲುಗರಿಗಳನ್ನು ಒಟ್ಟು ಕಟ್ಟಿ ಹಿಡಿ ಮೇಲೆ ಮಾಡಿ ನಿಲ್ಲಿಸಿದ ಆಕಾರ. ಎತ್ತರ ಸುಮಾರು 80 ಅಡಿ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯ ರೂಪ ಅದು. ಮುನಿಗಳು ಕೂರುವ ಮುಂಚೆ ಆ ಗರಿಗಳಿಂದ ನೆಲವನ್ನು ಮೆಲ್ಲಗೆ ಸವರುತ್ತಾರೆ. ಇರುವೆ, ಹುಳ ಕಾಲಿಗೆ ಸಿಕ್ಕಿ ಸಾಯಬಾರದು. ಈ ಗುರುಮಂದಿರ ಆಚಾರ್ಯ ಶಾಂತಿಸಾಗರ ಮಹಾರಾಜರ ನೆನಪಿನದು. ಅವರು 1872ರಲ್ಲಿ ಹುಟ್ಟಿದವರು, ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನ. ಕ್ಷೀಣಿಸಿದ್ದ ದಿಗಂಬರ ಮುನಿ ಪರಂಪರೆಗೆ 20ನೆಯ ಶತಮಾನದಲ್ಲಿ ಮತ್ತೆ ಜೀವ ಕೊಟ್ಟವರು ಅವರೇ. 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು.

ಬೆಟ್ಟಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಬಹುಪಾಲು ಬಂಡೆಯಲ್ಲೇ ಕಡಿದವು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಿರುತ್ತದೆ, ನೆರಳು ಕಡಿಮೆ. ನಾಲ್ಕು ಗಂಟೆಯ ಮೇಲೆ ಹತ್ತುವುದು ಜಾಣತನ. ಮೇಲೆ ಗೋಡೆಯ ಆವರಣದೊಳಗೆ ಹಳೆಯ ಬಸದಿಗಳ ಗುಂಪು. ಚಂದ್ರನಾಥ, ಪಾರ್ಶ್ವನಾಥ, ಸುಪಾರ್ಶ್ವನಾಥ. ಅಲಂಕಾರ ಮಿತವಾದದ್ದು. ಹಿಂದಕ್ಕೆ ಹೋಗಿ ನಿಂತರೆ ಕೆಳಗೆ ಮೈದಾಳ ಕೆರೆ, ಅದರಾಚೆ ಗುಡ್ಡಗಳು. ಬೀಸುವ ಗಾಳಿಗೆ ಟೋಪಿ ಹಿಡಿದುಕೊಳ್ಳಬೇಕು. ಬಾಚಿಯ ಪಟ್ಟಿಯ ಅರ್ಹತ ಸಮಯಕ್ಕೆ ಈ ಬೆಟ್ಟ ಉತ್ತರ. ಹಳೆಯ ಬಸದಿ ಮೇಲಿದೆ, ಹೊಸ ಮಂದಿರ ಕೆಳಗಿದೆ. ಇವೆರಡರ ನಡುವಿನ ಮೆಟ್ಟಿಲು ಸವೆಸುವ ಜನ ಇದ್ದಾರೆ.

ಮಾಹೇಶ್ವರ ಸಮಯಕ್ಕೆ ಉತ್ತರ ಹಿಂತಿರುಗುವ ದಾರಿಯಲ್ಲೇ ಇದೆ. ಅದು ಸಿದ್ಧಗಂಗೆ. ಬಾಚಿಯ ಕಾಲದ ಶೈವವೇ ಬೇರೆ, ಈ ವೀರಶೈವ ಮಠವೇ ಬೇರೆ ಎನ್ನುವುದು ನಿಜ. ಎರಡಕ್ಕೂ ನೇರ ನಂಟು ಕಟ್ಟುವುದು ಬೇಡ. ಆದರೆ ಪ್ರವಾಸಿ ಇಲ್ಲಿ ನೋಡಬೇಕಾದದ್ದು ಬೇರೆಯೇ ಇದೆ. 1907ರಲ್ಲಿ ಮಾಗಡಿ ತಾಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅವರ ಕಾಲದಲ್ಲಿ ಇಲ್ಲಿ ಉಂಡು, ಉಳಿದು, ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಹೋಯಿತು. ಜಾತಿ ಮತ ಕೇಳದೆ ಸೇರಿಸಿಕೊಂಡರು. ಅಡುಗೆಮನೆಯಲ್ಲಿ ಆಳೆತ್ತರದ ಕೊಪ್ಪರಿಗೆಗಳು, ಗುಡ್ಡೆ ಗುಡ್ಡೆಯಾಗಿ ಮುದ್ದೆ, ಸಾರು. ಬಂದವರು ಯಾರೆಂದು ಕೇಳದೆ ಎಲೆ ಹಾಕುತ್ತಾರೆ. ಸಂಜೆಯಾದರೆ ಸಾವಿರಾರು ಹುಡುಗರು ಬಯಲಿನಲ್ಲಿ ಸಾಲಾಗಿ ಕೂತು ಪ್ರಾರ್ಥನೆ ಮಾಡುತ್ತಾರೆ. ಆ ದನಿ ಮೈಕಿಲ್ಲದೆಯೂ ಬೆಟ್ಟಕ್ಕೆ ತಾಗುತ್ತದೆ.

ಹಳೆಯ ವಿಹಾರ ಮಾಡುತ್ತಿದ್ದ ಕೆಲಸ ಯಾವುದು? ದಾರಿಹೋಕರಿಗೆ ತಂಗಲು ಜಾಗ, ಹಸಿದವರಿಗೆ ಊಟ, ಹುಡುಗರಿಗೆ ವಿದ್ಯೆ. ತುಮಕೂರು ಸೀಮೆಯವರು ಈ ಕೆಲಸ ನಿಲ್ಲಿಸಿಲ್ಲ. ಸಿದ್ಧಗಂಗೆ ಮಾಡುತ್ತಿದೆ, ತೋಟದಪ್ಪನವರ ಛತ್ರ ಮಾಡಿತು. ಬಾಚಿಯ ನಾಲ್ಕನೆಯ ಹೆಸರಿಗೆ ಗುಡಿ ಸಿಗದಿದ್ದರೂ ಪ್ರವಾಸಿ ಬರಿಗೈಯಲ್ಲಿ ಹೋಗಬೇಕಾಗಿಲ್ಲ.

ಇನ್ನು ಗುಡಿಯೇ ಬೇಕು ಎನ್ನುವವರಿಗೆ. ಕರ್ನಾಟಕದಲ್ಲಿ ಬುದ್ಧ ಮರಳಿ ಬಂದದ್ದು 20ನೆಯ ಶತಮಾನದಲ್ಲಿ, ಬೇರೆ ಬೇರೆ ಬಾಗಿಲುಗಳಿಂದ. 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು ಮಹಾಬೋಧಿ ಸೊಸೈಟಿ ಆರಂಭಿಸಿದರು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ದೀಕ್ಷೆ ಪಡೆದರು. ಹಳ್ಳಿಯ ಕೇರಿಗಳ ಅಂಬೇಡ್ಕರ್ ಭವನಗಳಲ್ಲಿ ಬುದ್ಧನ ಪಟ ಬಂದದ್ದು ಆ ದೀಕ್ಷೆಯ ದಾರಿಯಿಂದ. 1960ರ ದಶಕದಲ್ಲಿ ಟಿಬೆಟಿನವರು ಬೈಲಕುಪ್ಪೆಗೆ ಬಂದರು. ಅಲ್ಲಿನ ಸುವರ್ಣ ದೇವಾಲಯವನ್ನು ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಬಿಡುವುದಿಲ್ಲ. ಈ ಬುದ್ಧನಿಗೆ ನೋಡಿಕೊಳ್ಳುವ ಜನ ಇದ್ದಾರೆ.

ಹಳೆಯದನ್ನೇ ನೋಡಬೇಕೆಂದರೆ ತುಮಕೂರಿಗೆ ಹತ್ತಿರದ ಜಾಗ ದೊಡ್ಡಬಳ್ಳಾಪುರ ತಾಲೂಕಿನ ರಾಜಘಟ್ಟ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅಲ್ಲಿ ಅಗೆದಾಗ ಚೈತ್ಯ ಮತ್ತು ವಿಹಾರದ ಇಟ್ಟಿಗೆ ತಳಪಾಯ ಸಿಕ್ಕಿತು. ಸುಮಾರು 1500 ವರ್ಷ ಹಳೆಯದು. ಅದರ ಜೊತೆಗೆ ಜೇಡಿಮಣ್ಣಿನ ಪುಟ್ಟ ಪುಟ್ಟ ಹರಕೆ ಸ್ತೂಪಗಳು ರಾಶಿಯಾಗಿ ಸಿಕ್ಕವು. ಕೈಯಲ್ಲಿ ಹಿಡಿಯುವಷ್ಟು ಗಾತ್ರ. ಕೆಲವನ್ನು ಒಡೆದರೆ ಒಳಗೆ ಮಣ್ಣಿನ ಬಿಲ್ಲೆ, ಬಿಲ್ಲೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಬುದ್ಧನ ಉಪದೇಶದ ಸಾಲಿನ ಮುದ್ರೆ. ದಾನ ಕೊಡಲು ಹೊನ್ನಿಲ್ಲದವರೂ ಕೆರೆಯ ಮಣ್ಣು ತಂದು ಅಚ್ಚಿಗೆ ಒತ್ತಿ ಇಟ್ಟುಹೋಗಬಹುದಿತ್ತು.

ತುಮಕೂರಿನಿಂದ ಹೋಗುವವರು ಬೆಂಗಳೂರು ಹೆದ್ದಾರಿಯಲ್ಲಿ ದಾಬಸ್‌ಪೇಟೆಗೆ ಬಂದು ಎಡಕ್ಕೆ ತಿರುಗಬೇಕು. ಅದು ದೊಡ್ಡಬಳ್ಳಾಪುರದ ರಸ್ತೆ. ನಮ್ಮ ಪ್ರವಾಸಿಯ ಅರ್ಧ ದಿನಕ್ಕೆ ಅದು ಒಗ್ಗದು. ರಾತ್ರಿ ತುಮಕೂರಿನಲ್ಲೇ ಉಳಿದು ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮುಂಚೆ ರಾಜಘಟ್ಟ ತಲುಪಬಹುದು.